ಯಾರೂ ನೋಡದಾಗ ನೋಡುವವರು ಯಾರು?

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನನ್ನ ಜೊತೆ ಕೆಲಸ ಮಾಡುವ ಕ್ರೈಸ್ತ ಗೆಳೆಯರೊಬ್ಬರಿದ್ದಾರೆ. ಬೆಳಿಗ್ಗೆ ನಾನು ಅವರಿಗೆ ನಮ್ಮ ಬಳಗದ ಚಿಂತನೆ ಕಳಿಸುತ್ತೇನೆ, ಅವರು ನನಗೆ ತಮ್ಮ ಸಭೆಯ ಬೈಬಲ್ ಧ್ಯಾನ ಕಳಿಸುತ್ತಾರೆ. ಕಳೆದ ವಾರ ಅವರಿಂದ ಬಂದ ವಿಷಯ ಗುಪ್ತವಾಗಿ ಮಾಡಿದ ಪಾಪ ಮತ್ತು ಗುಪ್ತವಾಗಿ ಮಾಡಿದ ಒಳ್ಳೆಯ ಕೆಲಸ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಕೇಳಿದರು: “ಕತ್ತಲಲ್ಲಿ ಮಾಡಿದ್ದನ್ನೂ ನೋಡುವ ದೇವರು ನಮಗಿದ್ದಾನೆ. ನಿಮಗೆ ದೇವರಿಲ್ಲ. ಹಾಗಿದ್ದ ಮೇಲೆ, ಯಾರೂ ನೋಡದ ಕಡೆ ನೀವು ತಪ್ಪು ಮಾಡದೆ ಇರೋದು ಯಾಕೆ?”

ಅವರು ಕೆಣಕಲು ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. “ನಮಗೆ ಪಂಚಶೀಲ ಇದೆಯಲ್ಲ” ಎಂದು ಹೇಳಿ ಡಬ್ಬಿ ಮುಚ್ಚಿದೆ. ಆದರೆ ಆ ಉತ್ತರ ನನಗೇ ಸಾಲಲಿಲ್ಲ. ಶೀಲ ಸ್ವೀಕರಿಸುವಾಗ ಎಲ್ಲರ ಮುಂದೆ ಕೈಮುಗಿದು ಕೂತಿರುತ್ತೇವೆ. ಅದನ್ನು ಮುರಿಯುವಾಗ ಒಬ್ಬರೇ ಇರುತ್ತೇವೆ. ಆದ್ದರಿಂದ ಈ ಪ್ರಶ್ನೆಯನ್ನು ಇಂದು ನಿಮ್ಮೊಂದಿಗೆ ಕೂತು ಯೋಚಿಸಬೇಕು ಅನ್ನಿಸಿತು.

ಮೊದಲು ಅವರ ಗ್ರಂಥ ಏನು ಹೇಳುತ್ತದೆ ನೋಡೋಣ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವಿದೆ. ಅದು ಪೌಲನ ಹೆಸರಿನಲ್ಲಿದೆ. ತಿಮೊಥೆಯ ಆಗ ಎಫೆಸ ಎಂಬ ಊರಿನ ಸಭೆಯನ್ನು ನೋಡಿಕೊಳ್ಳುತ್ತಿದ್ದ. ಆ ಊರು ಇಂದಿನ ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿದೆ. ಪತ್ರದ ಐದನೇ ಅಧ್ಯಾಯದ ಕೊನೆಯಲ್ಲಿ ಬರುವ ಮಾತಿನ ತಾತ್ಪರ್ಯ ಇಷ್ಟು: ಕೆಲವರ ಪಾಪಗಳು ಅವರಿಗಿಂತ ಮುಂಚೆ ಓಡಿ ಎಲ್ಲರಿಗೂ ಕಾಣಿಸಿಕೊಳ್ಳುತ್ತವೆ, ಕೆಲವರ ಪಾಪಗಳು ನಿಧಾನವಾಗಿ ಹಿಂದಿನಿಂದ ಬರುತ್ತವೆ. ಒಳ್ಳೆಯ ಕೆಲಸಗಳೂ ಹಾಗೆಯೇ. ಈಗ ಕಾಣದಿದ್ದರೂ ಕೊನೆಯವರೆಗೆ ಅಡಗಿರಲಾರವು.

ಈ ಮಾತು ಬರುವ ಸಂದರ್ಭವನ್ನು ಗಮನಿಸಿ. ಸಭೆಗೆ ಹಿರಿಯರನ್ನು ಆರಿಸುವ ವಿಚಾರ ನಡೆಯುತ್ತಿದೆ. ಅವಸರದಲ್ಲಿ ಯಾರ ತಲೆಯ ಮೇಲೂ ಕೈಯಿಟ್ಟು ಮುಖಂಡನನ್ನಾಗಿ ಮಾಡಬೇಡ, ಮನುಷ್ಯನ ಒಳಗು ಕಾಣಲು ಸಮಯ ಬೇಕು ಎಂಬ ಎಚ್ಚರಿಕೆ ಅದು. ನಮ್ಮ ಸಂಘಟನೆಗಳಿಗೂ ಇದು ಬೇಕಾದ ಮಾತೇ. ಮೈಕಿನ ಮುಂದೆ ಚೆನ್ನಾಗಿ ಮಾತನಾಡಿದವರನ್ನು ಅಧ್ಯಕ್ಷರನ್ನಾಗಿ ಮಾಡುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಟ್ಟವರು, ಲೆಕ್ಕವನ್ನು ರೂಪಾಯಿ ಬಿಡದೆ ಬರೆದವರು ನಮ್ಮ ಕಣ್ಣಿಗೆ ಬೀಳುವುದು ವರ್ಷಗಳಾದ ಮೇಲೆ.

ಯೇಸುವಿನ ಬೆಟ್ಟದ ಪ್ರಸಂಗ ಮತ್ತಾಯನ ಸುವಾರ್ತೆಯ ಐದರಿಂದ ಏಳನೇ ಅಧ್ಯಾಯದವರೆಗೆ ಇದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಅದೇ ಬೋಧನೆ ಈ ಪ್ರಸಂಗದ ಆರನೇ ಅಧ್ಯಾಯದಲ್ಲಿದೆ. ದಾನ, ಪ್ರಾರ್ಥನೆ, ಉಪವಾಸ, ಈ ಮೂರನ್ನೂ ಜನರಿಗೆ ತೋರಿಸಲು ಮಾಡಬೇಡಿ ಎಂದು ಯೇಸು ಹೇಳುತ್ತಾನೆ. ತೋರಿಸಿ ಮಾಡಿದವರು ತಮ್ಮ ಕೂಲಿಯನ್ನು ಆಗಲೇ ಪಡೆದಾಯಿತು, ಅಂದರೆ ಹೊಗಳಿಕೆ ಸಿಕ್ಕಿತು, ಲೆಕ್ಕ ಮುಗಿಯಿತು. ಗುಟ್ಟಾಗಿ ಮಾಡಿದ್ದನ್ನು ಗುಟ್ಟಿನಲ್ಲಿರುವ ತಂದೆ ನೋಡುತ್ತಾನೆ ಎಂಬುದು ಆತನ ಭರವಸೆ.

ಒಂದು ಕಂಬಳಿಯನ್ನು ಹತ್ತು ಜನ ಹಿಡಿದು, ಮಧ್ಯದಲ್ಲಿ ಒಬ್ಬ ಮುದುಕಿಯನ್ನು ನಿಲ್ಲಿಸಿ ತೆಗೆಸಿದ ಫೋಟೋಗಳು ನಮ್ಮ ಗುಂಪಿನಲ್ಲೂ ಬರುತ್ತವೆ. ಆ ಮುದುಕಿಯ ಮುಖವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಬಹಳಷ್ಟು ಸಲ ಆಕೆ ಕಂಬಳಿಯನ್ನೂ ನೋಡುತ್ತಿರುವುದಿಲ್ಲ, ಕ್ಯಾಮೆರಾವನ್ನೂ ನೋಡುತ್ತಿರುವುದಿಲ್ಲ. ನೆಲ ನೋಡುತ್ತಿರುತ್ತಾಳೆ.

ಇಲ್ಲಿಯವರೆಗೆ ನಮಗೂ ಆ ಗೆಳೆಯರಿಗೂ ಭೇದವಿಲ್ಲ. ಪ್ರಶ್ನೆ ಇರುವುದು ‘ಗುಟ್ಟಿನಲ್ಲಿ ನೋಡುವವರು ಯಾರು’ ಎಂಬಲ್ಲಿ.

ಜಾತಕ ಕಥೆಗಳಲ್ಲಿ ಇದಕ್ಕೆ ಒಂದು ಉತ್ತರವಿದೆ. ಸೀಲವೀಮಂಸನ ಜಾತಕ ಎಂಬ ಕಥೆ. ಕಾಶಿಯಲ್ಲಿ ಒಬ್ಬ ಆಚಾರ್ಯ ತನ್ನ ಶಿಷ್ಯರ ಶೀಲವನ್ನು ಪರೀಕ್ಷಿಸಲು ಬಯಸುತ್ತಾನೆ. “ಮಗಳ ಮದುವೆಗೆ ಬಟ್ಟೆ, ಒಡವೆ ಬೇಕು. ನಿಮ್ಮ ನಿಮ್ಮ ಮನೆಗಳಿಂದ ಯಾರಿಗೂ ಕಾಣದ ಹಾಗೆ ಕದ್ದು ತನ್ನಿ. ಯಾರಾದರೂ ನೋಡಿದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ” ಅನ್ನುತ್ತಾನೆ. ಎಲ್ಲರೂ ಏನಾದರೊಂದು ತರುತ್ತಾರೆ. ಒಬ್ಬ ಮಾತ್ರ ಬರಿಗೈಯಲ್ಲಿ ಬರುತ್ತಾನೆ. ಯಾಕಪ್ಪಾ ಎಂದರೆ, ಯಾರೂ ನೋಡದ ಜಾಗ ನನಗೆ ಸಿಗಲಿಲ್ಲ, ಯಾರೂ ಇಲ್ಲದ ಕಡೆಯಲ್ಲೂ ನಾನು ಇದ್ದೆನಲ್ಲ ಎನ್ನುತ್ತಾನೆ.

ಆಕಾಶದ ದೇವರ ಬದಲಿಗೆ ಇಲ್ಲಿ ನೋಡುವವನು ತಾನೇ. ಭಗವಾನ್ ಬುದ್ಧರು ಹಿರಿ ಮತ್ತು ಒತ್ತಪ್ಪ ಎಂಬ ಎರಡು ಗುಣಗಳನ್ನು ಲೋಕವನ್ನು ಕಾಯುವ ಪಾಲಕರು ಎಂದರು. ಹಿರಿ ಎಂದರೆ ತಪ್ಪು ಮಾಡಲು ನನ್ನ ಮುಂದೆ ನನಗೇ ಆಗುವ ನಾಚಿಕೆ. ಒತ್ತಪ್ಪ ಎಂದರೆ ಆ ತಪ್ಪಿನ ಪರಿಣಾಮದ ಬಗ್ಗೆ, ತಿಳಿದವರು ಏನೆನ್ನುತ್ತಾರೆ ಎಂಬುದರ ಬಗ್ಗೆ ಇರುವ ಅಳುಕು. ಮಗ ರಾಹುಲನಿಗೆ ಬುದ್ಧರು ಕನ್ನಡಿಯ ಉದಾಹರಣೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಕೆಲಸ ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ, ಮೂರು ಸಲ ನೋಡಿಕೊಳ್ಳಬೇಕು: ಇದರಿಂದ ನನಗಾಗಲಿ ಇನ್ನೊಬ್ಬರಿಗಾಗಲಿ ನೋವಾಗುತ್ತದೆಯೇ? ಸಾಮ್ರಾಟ ಅಶೋಕ ಬೈರಾಟದ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಪಟ್ಟಿ ಕೊಟ್ಟಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶ ಅದರಲ್ಲಿದೆ.

ಇದನ್ನೆಲ್ಲ ಗೆಳೆಯರಿಗೆ ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಬದುಕಿನ ಒಂದು ಘಟನೆ ಅಡ್ಡ ಬರುತ್ತದೆ. ಇದನ್ನು ಇದುವರೆಗೆ ಬಳಗದಲ್ಲಿ ಹೇಳಿಲ್ಲ.

ಹಲವು ವರ್ಷಗಳ ಹಿಂದೆ ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಎರಡು ಮೂರು ಕಡೆ ‘ನೀವು ಯಾವ ಜನ’ ಎಂದು ಕೇಳಿ, ಆಮೇಲೆ ಮನೆ ಬೇರೆಯವರಿಗೆ ಆಯಿತು ಎಂದರು. ಕೊನೆಗೆ ಒಂದು ಕಡೆ ಸುಳ್ಳು ಹೇಳಿ ಮನೆ ಹಿಡಿದೆ. ಬಾಬಾಸಾಹೇಬರ ಫೋಟೋವನ್ನು ಬೀರುವಿನೊಳಗೆ ಬಟ್ಟೆಯ ಕೆಳಗಿಟ್ಟೆ. ಒಂದು ಬೇಸಿಗೆಯ ದಿನ ಬೀದಿ ಗುಡಿಸುವ ತಾಯಿಯೊಬ್ಬರು ಗೇಟಿನ ಹತ್ತಿರ ನಿಂತು ಕುಡಿಯಲು ನೀರು ಕೇಳಿದರು. ಮನೆ ಮಾಲೀಕರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಲೋಟ ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತೆ. ಲೋಟವನ್ನು ಇಟ್ಟು, ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿಸಿ ತಂದುಕೊಟ್ಟೆ. “ಬಾಟಲಿ ನೀವೇ ಇಟ್ಕೊಳ್ಳಿ ಅಮ್ಮಾ” ಅಂದೆ. ಜಗಲಿಯಿಂದ ಮಾಲೀಕರ ಹೆಂಡತಿ “ಒಳ್ಳೇ ಹುಡುಗ” ಎಂದರು.

ಆ ತಾಯಿ ನೀರು ಕುಡಿದರು. ನನ್ನ ಮುಖವನ್ನು ಒಮ್ಮೆ ನೋಡಿ, ಪೊರಕೆ ಎತ್ತಿಕೊಂಡು ಹೋದರು. ಆಮೇಲೆ ಅದೇ ಬೀದಿಗೆ ದಿನವೂ ಬಂದರು. ನಮ್ಮ ಗೇಟಿನಲ್ಲಿ ಮಾತ್ರ ಮತ್ತೆ ನೀರು ಕೇಳಲಿಲ್ಲ.

ಬಂಧುಗಳೇ, ಹೊರಗಿನಿಂದ ನೋಡಿದರೆ ಅದು ಪುಣ್ಯದ ಕೆಲಸ. ಬಾಯಾರಿದವರಿಗೆ ನೀರು ಕೊಟ್ಟೆ, ಬಾಟಲಿಯನ್ನೂ ಕೊಟ್ಟೆ. ನೋಡಿದವರು ಹೊಗಳಿದರು. ನನ್ನ ಒಳಗಿನ ನೋಟಗಾರನೂ ಅಂದು ಸುಮ್ಮನಿದ್ದ. ‘ಏನು ಮಾಡೋದು, ಗೊತ್ತಾದರೆ ಮನೆ ಬಿಡಿಸುತ್ತಾರೆ’ ಎಂದು ನನಗೆ ನಾನೇ ವಕೀಲನಾದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಜಾತಕದ ಆ ಶಿಷ್ಯನಿಗೆ ಇದ್ದ ಕಣ್ಣು ನನಗೆ ಇರಲಿಲ್ಲ. ಆದರೆ ಅಲ್ಲಿ ಇನ್ನೊಂದು ಜೊತೆ ಕಣ್ಣು ಇತ್ತು. ಲೋಟದಲ್ಲಿ ಬರಬೇಕಾದ ನೀರು ಬಾಟಲಿಯಲ್ಲಿ ಯಾಕೆ ಬಂತು ಎಂದು ಆ ತಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬದುಕಿನುದ್ದಕ್ಕೂ ಅದನ್ನು ಓದಿಕೊಂಡೇ ಬಂದವರು ಅವರು.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಸಿಕ್ಕಿದ್ದು ಅಲ್ಲಿ. ಇನ್ನೊಬ್ಬರಿಗೆ ಮಾಡಿದ ತಪ್ಪನ್ನು ‘ಗುಪ್ತ’ ಎಂದು ಕರೆಯುವವರು ನಾವು, ಮಾಡಿದವರು. ಅದನ್ನು ಅನುಭವಿಸಿದವರಿಗೆ ಅದು ಗುಪ್ತವಲ್ಲ. ಮುಚ್ಚಿದ ಬಾಗಿಲ ಹಿಂದೆ ಹೆಂಡತಿಗೆ ಹೊಡೆದವನ ತಪ್ಪು ಊರಿಗೆ ಗುಪ್ತ, ಹೆಂಡತಿಗಲ್ಲ. ಹೆಣ್ಣು ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸಿ ಗಂಡು ಮಗನಿಗೆ ಶುಲ್ಕ ಕಟ್ಟಿದ್ದು ನೆಂಟರಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತು. ನೋಡುವ ದೇವರು ಇದ್ದಾನೋ ಇಲ್ಲವೋ, ನೋವುಂಡ ಮನುಷ್ಯ ಎದುರಿಗೇ ಇದ್ದಾನೆ.

ಕ್ರೈಸ್ತರ ಗ್ರಂಥಕ್ಕೆ ಇದು ಗೊತ್ತಿಲ್ಲ ಎಂದಲ್ಲ. ದಾವೀದ ರಾಜನ ಕಥೆ ನೋಡಿ. ಅವನು ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ. ಆಕೆ ಗರ್ಭಿಣಿಯಾದಾಗ ಅದನ್ನು ಮುಚ್ಚಲು ಊರೀಯನನ್ನು ಯುದ್ಧದಿಂದ ಕರೆಸಿ ಮನೆಗೆ ಹೋಗೆಂದ. ಜೊತೆಗಾರರು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಲಾರೆ ಎಂದ ಊರೀಯ. ಆಗ ರಾಜ ಸೇನಾಪತಿಗೆ ಪತ್ರ ಬರೆದ: ಇವನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಹಿಂದೆ ಸರಿಯಿರಿ. ಆ ಪತ್ರವನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ. ಊರೀಯ ಸತ್ತ, ಗುಟ್ಟು ಉಳಿಯಿತು ಅಂದುಕೊಂಡ.

ನಾತಾನ ಎಂಬ ಪ್ರವಾದಿ ಬಂದು ರಾಜನಿಗೆ ಒಂದು ಕಥೆ ಹೇಳಿದ. ಬಡವನೊಬ್ಬನಿಗೆ ಒಂದೇ ಒಂದು ಕುರಿಮರಿ. ಮಗುವಿನ ಹಾಗೆ ಸಾಕಿದ್ದ. ಹಿಂಡು ಹಿಂಡು ಕುರಿಯಿದ್ದ ಶ್ರೀಮಂತ ತನ್ನ ಅತಿಥಿಯ ಊಟಕ್ಕೆ ಆ ಒಂದೇ ಮರಿಯನ್ನು ಕಿತ್ತುಕೊಂಡ. ರಾಜ ಕೆರಳಿ ಅಂಥವನು ಸಾಯಬೇಕು ಎಂದ. ಆ ಮನುಷ್ಯ ನೀನೇ ಎಂದ ನಾತಾನ. ಬಡವನ ಜಾಗದಿಂದ ನೋಡುವವರೆಗೆ ರಾಜನಿಗೆ ತನ್ನ ತಪ್ಪು ಕಾಣಲೇ ಇಲ್ಲ.

ಆದರೆ ಅದೇ ಘಟನೆಯ ಪಶ್ಚಾತ್ತಾಪವೆಂದು ಪರಂಪರೆ ಹೇಳುವ ಐವತ್ತೊಂದನೇ ಕೀರ್ತನೆಯಲ್ಲಿ ದಾವೀದ ದೇವರಿಗೆ, ನಿನಗೊಬ್ಬನಿಗೇ ತಪ್ಪು ಮಾಡಿದೆ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಓದಿದಾಗ ನನಗೆ ಒಳಗೆ ಕುಟುಕಿತು. ಊರೀಯನಿಗೆ? ಬತ್ಷೆಬೆಗೆ? ದೇವರೊಂದಿಗೆ ಲೆಕ್ಕ ಚುಕ್ತಾ ಮಾಡಿಕೊಂಡರೆ ಅವರ ಲೆಕ್ಕ ಏನಾಯಿತು? ಇದನ್ನು ಗೆಳೆಯರಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಬೆಟ್ಟದ ಪ್ರಸಂಗದ ಇನ್ನೊಂದು ಭಾಗವನ್ನು ತೋರಿಸಿದರು. ಕಾಣಿಕೆ ಅರ್ಪಿಸಲು ಬಂದಾಗ, ನಿನ್ನ ಮೇಲೆ ಸಹೋದರನಿಗೆ ಏನೋ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಂದಿಗೆ ಸಮಾಧಾನವಾಗು ಎಂದು ಯೇಸು ಹೇಳುತ್ತಾನೆ. ಅಂದರೆ ದೇವರಿಗಿಂತ ಮೊದಲು ಮನುಷ್ಯ. ಆ ಮಾತಿಗೆ ನಾನು ಕೈಮುಗಿದೆ.

ನಮ್ಮ ವಿನಯಪಿಟಕದಲ್ಲೂ ಇಂಥದೇ ಘಟನೆಯಿದೆ. ಮಚ್ಛಿಕಾಸಂಡದಲ್ಲಿ ಚಿತ್ತನೆಂಬ ಗೃಹಸ್ಥ ಉಪಾಸಕನಿದ್ದ. ಅಲ್ಲಿ ವಾಸಿಸುತ್ತಿದ್ದ ಸುಧಮ್ಮ ಎಂಬ ಭಿಕ್ಷು ಹೊಟ್ಟೆಕಿಚ್ಚಿನಿಂದ ಅವನಿಗೆ ಎಳ್ಳಿನ ತಿಂಡಿಯ ಹೆಸರೆತ್ತಿ ಚುಚ್ಚಿದ. ಚಿತ್ತನ ವಂಶದಲ್ಲಿ ಹಿಂದೆ ಒಬ್ಬ ತಿಂಡಿ ಮಾರುವವನಿದ್ದ, ಹುಟ್ಟನ್ನು ಹೀಯಾಳಿಸಲೆಂದೇ ಆ ಮಾತು ಆಡಿದ ಎಂದು ಅಟ್ಠಕಥೆ ವಿವರಿಸುತ್ತದೆ. ಬುದ್ಧರು ಸುಧಮ್ಮನನ್ನು ಖಂಡಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಹೋಗಿ ಚಿತ್ತನ ಕ್ಷಮೆ ಕೇಳು ಎಂದು ಸಂಘದ ಮೂಲಕ ಆಜ್ಞೆ ಮಾಡಿಸಿದರು. ಸುಧಮ್ಮ ಹೋದ, ನಾಚಿಕೆಯಿಂದ ಬಾಯಿ ಬರದೆ ಹಿಂದಿರುಗಿದ. ಬುದ್ಧರು ‘ಹೋಗಲಿ ಬಿಡು’ ಎನ್ನಲಿಲ್ಲ. ಜೊತೆಗೆ ಒಬ್ಬ ಭಿಕ್ಷುವನ್ನು ಕೊಟ್ಟು ಮತ್ತೆ ಕಳಿಸುವ ವ್ಯವಸ್ಥೆ ಮಾಡಿದರು. ಕಾವಿ ತೊಟ್ಟವನು ಗೃಹಸ್ಥನ ಮುಂದೆ ಹೋಗಿ ಕ್ಷಮೆ ಕೇಳಬೇಕು. ಯಾಕೆಂದರೆ ನೋವಾಗಿದ್ದು ಅವನಿಗೆ.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬರೆದದ್ದನ್ನು ಈಗ ನೆನೆಯಿರಿ. ಧರ್ಮಗಳಲ್ಲಿ ನೀತಿ ಎಂಬುದು ಬೇಕಾದಾಗ ಜೋಡಿಸಿ ಬೇಡವಾದಾಗ ಕಳಚುವ ಬಂಡಿಯಂತೆ; ಧಮ್ಮದಲ್ಲಿ ದೇವರ ಜಾಗದಲ್ಲಿ ನೀತಿಯೇ ಇದೆ; ಅದು ಮನುಷ್ಯ ಮನುಷ್ಯನನ್ನು ಪ್ರೀತಿಸಬೇಕಾದ ಅಗತ್ಯದಿಂದಲೇ ಹುಟ್ಟುತ್ತದೆ ಎಂದರು. ನಮಗೆ ದೇವರಿಲ್ಲ ಎಂಬುದು ಸಡಿಲ ಕೊಡುವ ಮಾತಲ್ಲ, ಬಿಗಿ ಮಾಡುವ ಮಾತು. ಕ್ಷಮಿಸಿಬಿಡು ಎಂದು ಕೇಳಲು ನಮಗೆ ಮೇಲೆ ಯಾರೂ ಇಲ್ಲ. ಆ ಮನುಷ್ಯನ ಬಳಿಗೇ ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮುಚ್ಚಿಟ್ಟದ್ದೆಲ್ಲ ಪಾಪವಲ್ಲ. ಬೀರುವಿನೊಳಗೆ ಫೋಟೋ ಇಟ್ಟದ್ದಕ್ಕೆ ನಾನು ಬಹಳ ದಿನ ನನ್ನನ್ನೇ ಹಳಿದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ತಲೆಯ ಮೇಲೆ ಸೂರು ಬೇಕಾದವನು ಹೆದರಿ ಜಾತಿ ಮುಚ್ಚಿಟ್ಟರೆ ಅದರಲ್ಲಿ ದೊಡ್ಡ ತಪ್ಪು ಹೆದರಿಸಿದವರದು. ಬಾಬಾಸಾಹೇಬರು ಕ್ರೈಸ್ತರಾಗಿ ಮತಾಂತರಗೊಂಡ ನಮ್ಮವರ ಸ್ಥಿತಿಯ ಬಗ್ಗೆ ಬರೆಯುವಾಗ ಇದನ್ನೇ ಎತ್ತಿದರು. ನಿನ್ನ ದುರ್ಗತಿಗೆ ನಿನ್ನ ಪಾಪವೇ ಕಾರಣ ಎಂದು ಮಿಷನರಿಗಳು ಬೋಧಿಸಿದರೆ, ಅವನನ್ನು ಕೆಳಗೆ ತಳ್ಳಿದ ಸಮಾಜ ಅವನ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ಅವರ ಆಕ್ಷೇಪ. ತುಳಿಸಿಕೊಂಡವನು ತನ್ನನ್ನೇ ಪಾಪಿ ಎಂದುಕೊಳ್ಳಬಾರದು. ಆದರೆ ನನ್ನ ಭಯವನ್ನು ಇನ್ನೊಬ್ಬರ ತಲೆಯ ಮೇಲೆ ಇಳಿಸಿದೆನಲ್ಲ, ಆ ಬಾಟಲಿ, ಅದು ನನ್ನದೇ. ಅದನ್ನು ಸಮಾಜದ ಖಾತೆಗೆ ಬರೆಯಲಾರೆ.

ಇನ್ನು ಗುಪ್ತವಾದ ಒಳ್ಳೆಯ ಕೆಲಸದ ವಿಚಾರ. ಬೆಟ್ಟದ ಪ್ರಸಂಗದಲ್ಲೇ ಒಂದು ತೊಡಕಿದೆ. ದಾನವನ್ನು ಗುಟ್ಟಾಗಿ ಮಾಡಿ ಎನ್ನುವ ಯೇಸುವೇ ಅದಕ್ಕೆ ಮುಂಚೆ, ದೀಪ ಹಚ್ಚಿ ಕೊಳಗದ ಕೆಳಗೆ ಇಡಬೇಡಿ, ನಿಮ್ಮ ಒಳ್ಳೆಯ ಕೆಲಸ ಜನರಿಗೆ ಕಾಣಲಿ ಎಂದಿದ್ದಾನೆ. ಹಾಗಾದರೆ ತೋರಿಸಬೇಕೋ ಮುಚ್ಚಬೇಕೋ? ಇದಕ್ಕೆ ನನಗೆ ಹೊಳೆದ ಉತ್ತರ ಮಹಾಡ್‌ನದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರನ್ನು ಹಾಡುಹಗಲು ಎಲ್ಲರೆದುರು ಕುಡಿದರು. ರಾತ್ರಿ ಹೋಗಿ ಗುಟ್ಟಾಗಿ ಕುಡಿದಿದ್ದರೆ ಬಾಯಾರಿಕೆ ತೀರುತ್ತಿತ್ತು, ಹಕ್ಕು ಸ್ಥಾಪನೆಯಾಗುತ್ತಿರಲಿಲ್ಲ. 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆಯೂ ಹಾಗೆಯೇ, ಲಕ್ಷಾಂತರ ಜನರ ನಡುವೆ. ಎಲ್ಲರಿಗೂ ಸೇರಿದ ಹಕ್ಕನ್ನು ಕೇಳುವಾಗ ಬೆಳಕು ಬೇಕು. ಒಬ್ಬರ ಕಷ್ಟಕ್ಕೆ ನೆರವಾಗುವಾಗ ಮರೆ ಬೇಕು, ನಮ್ಮ ವಿನಯಕ್ಕಾಗಿ ಮಾತ್ರವಲ್ಲ, ಪಡೆಯುವವರ ಮಾನಕ್ಕಾಗಿ.

ಮರೆಯಲ್ಲಿ ನಡೆದ ಒಳ್ಳೆಯದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆ. ಬಾಬಾಸಾಹೇಬರು ವಿದೇಶದಲ್ಲಿ ಓದುತ್ತಿದ್ದಾಗ ಮಾತೆ ರಮಾಬಾಯಿ ಮುಂಬೈಯಲ್ಲಿ ಬಡತನದಲ್ಲಿ ಸಂಸಾರ ಎಳೆದರು. ಮಕ್ಕಳನ್ನು ಕಳೆದುಕೊಂಡರು. ಆ ದಿನಗಳಿಗೆ ಸಭೆಯಿರಲಿಲ್ಲ, ಹಾರವಿರಲಿಲ್ಲ. 1935ರ ಮೇ 27ರಂದು ಅವರು ತೀರಿಕೊಂಡರು. ಕೆಲವು ವರ್ಷಗಳ ನಂತರ ಬಾಬಾಸಾಹೇಬರು ಪಾಕಿಸ್ತಾನದ ಪ್ರಶ್ನೆ ಕುರಿತ ತಮ್ಮ ದೊಡ್ಡ ಪುಸ್ತಕವನ್ನು ‘ರಾಮು’ವಿನ ನೆನಪಿಗೆ ಅರ್ಪಿಸಿದರು. ಆಕೆಯ ಒಳ್ಳೆಯ ಹೃದಯವನ್ನೂ, ಸ್ನೇಹಿತರಿಲ್ಲದ ಕೊರತೆಯ ದಿನಗಳಲ್ಲಿ ತಮ್ಮೊಂದಿಗೆ ಕಷ್ಟಪಟ್ಟ ಧೈರ್ಯವನ್ನೂ ಅಲ್ಲಿ ನೆನೆದರು. ಒಳ್ಳೆಯ ಕೆಲಸ ಕೊನೆಯವರೆಗೆ ಅಡಗಿರಲಾರದು ಎಂದು ತಿಮೊಥೆಯನಿಗೆ ಬರೆದ ಮಾತು ಇಲ್ಲಿ ನಿಜವಾಯಿತು. ಆದರೆ ಕೇಳಲು ಆಕೆ ಇರಲಿಲ್ಲ. ನಮ್ಮ ಮನೆಗಳಲ್ಲಿ ಹೀಗೆ ಯಾರ ಬೆನ್ನ ಮೇಲೆ ನಾವು ನಿಂತಿದ್ದೇವೋ, ಅವರು ಇರುವಾಗಲೇ ಅದನ್ನು ಹೇಳಬೇಡವೇ? ತನ್ನ ಒಳ್ಳೆಯದನ್ನು ಮುಚ್ಚಿಡುವುದು ಗುಣ. ಇನ್ನೊಬ್ಬರ ಒಳ್ಳೆಯದನ್ನು ಮುಚ್ಚಿಡುವುದು ಗುಣವಲ್ಲ.

ನನ್ನ ಕಥೆ ಹೇಗೆ ಮುಗಿಯಿತು ಎಂದು ಕೇಳುವಿರಿ. ಮುಗಿಯಲಿಲ್ಲ. ಆ ಮನೆ ಬಿಟ್ಟು ಎರಡು ವರ್ಷಗಳಾದ ಮೇಲೆ ಆ ಬೀದಿಗೆ ಹೋಗಿ ಹುಡುಕಿದೆ. ಗುತ್ತಿಗೆ ಬದಲಾಗಿತ್ತು, ಕೆಲಸದವರೂ ಬದಲಾಗಿದ್ದರು. ಅವರ ಹೆಸರನ್ನೂ ನಾನು ಕೇಳಿರಲಿಲ್ಲವಾದ್ದರಿಂದ ಯಾರನ್ನೂ ವಿಚಾರಿಸಲಾಗಲಿಲ್ಲ. ಈಗ ನಮ್ಮ ಮನೆಯ ಹೊರಕೋಣೆಯ ಗೋಡೆಯ ಮೇಲೆ ಬಾಬಾಸಾಹೇಬರಿದ್ದಾರೆ. ಬಾಗಿಲಿಗೆ ಬಂದವರಿಗೆ ನಾವು ಕುಡಿಯುವ ಲೋಟದಲ್ಲೇ ನೀರು ಕೊಡುತ್ತೇವೆ, ಹೆಸರು ಕೇಳುತ್ತೇವೆ. ಇದರಿಂದ ಆ ಸಾಲ ತೀರಿತು ಎಂದು ನಾನು ಹೇಳುವುದಿಲ್ಲ.

*ಇಂದಿನ ಅಭ್ಯಾಸ*

1. ಇಂದು ರಾತ್ರಿ ಐದು ನಿಮಿಷ ಸುಮ್ಮನೆ ಕೂತು, ‘ಯಾರಿಗೂ ಗೊತ್ತಿಲ್ಲ’ ಎಂದು ನೀವು ಅಂದುಕೊಂಡಿರುವ ಒಂದು ತಪ್ಪನ್ನು ನೆನೆಯಿರಿ. ಅದು ಯಾರಿಗೆ ಗೊತ್ತು ಎಂದು ಕೇಳಿಕೊಳ್ಳಿ.

2. ಆ ವ್ಯಕ್ತಿ ಇನ್ನೂ ಸಿಗುವಂತಿದ್ದರೆ, ಹೋಗಿ ಮಾತನಾಡಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ, ಸುಧಮ್ಮನ ಹಾಗೆ, ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರು ಕ್ಷಮಿಸಲೇಬೇಕೆಂದು ಒತ್ತಾಯಿಸಬೇಡಿ.

3. ಈ ವಾರ ಒಬ್ಬರಿಗೆ ನೆರವಾಗಿ. ಫೋಟೋ ಬೇಡ, ಈ ಗುಂಪಿನಲ್ಲೂ ಹಾಕಬೇಡಿ.

ಸಾಧ್ಯವಾದರೆ ಭಾನುವಾರದ ವಂದನೆಯ ನಂತರ ಇದರ ಬಗ್ಗೆ ಮಾತನಾಡೋಣ. ನನ್ನ ಕ್ರೈಸ್ತ ಗೆಳೆಯರೂ ಬರುತ್ತೇನೆ ಎಂದಿದ್ದಾರೆ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.